ಗೃಹಸ್ಥರ ವಿಚಾರ: ವಿದ್ಯುತ್ ಗುತ್ತೇದಾರನೂ ಪರರ ಆಳುಗಳೂ

ಮನೆಯನ್ನು ಕಟ್ಟಿಸುವ ಗೃಹಸ್ಥನು ಗೌಂಡಿಯ ಕೆಲಸವನ್ನು ಕಣ್ಣಿನಿಂದ ನೋಡಬಲ್ಲನು. ಗೋಡೆ ಸೊಟ್ಟಾದರೆ ಅದು ಯಾರಿಗೂ ಮರೆಯಾಗಿ ಉಳಿಯದು. ಬಡಿಗನ ಕೆಲಸವನ್ನು ಕೈಯಿಂದ ಮುಟ್ಟಿ ಪರೀಕ್ಷಿಸಬಲ್ಲನು. ಬಾಗಿಲು ಸರಿಯಾಗಿ ಕೂಡದಿದ್ದರೆ ಅಂದೇ ಅವನನ್ನು ಕರೆಯಿಸಿ ಕೇಳಬಲ್ಲನು. ವಿದ್ಯುತ್ತಿನ ತಂತಿಯ ಕೆಲಸವಾದರೋ ಇವೆರಡಕ್ಕಿಂತ ಬೇರೆ ಬಗೆಯದು. ಅದು ಗೋಡೆಯ ಗಿಲಾವಿನ ಒಳಗೆ, ಸ್ಲ್ಯಾಬಿನ ಹೊಟ್ಟೆಯಲ್ಲಿ ಅಡಗಿ ಹೋಗುವದು. ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಗುಂಡಿಯನ್ನು ಒತ್ತಿದ ಮೊದಲ ದಿನ ಒಂದೇ ಬಗೆಯ ಬೆಳಕನ್ನು ಕೊಡುವವು. ವರ್ಷಗಳು ಕಳೆದ ಮೇಲೆ, ಮಳೆಗಾಲದ ಒಂದು ಮುಂಜಾವಿನಲ್ಲಿ ಬಚ್ಚಲಲ್ಲಿ ನೀರು ಕಾಯಿಸಲು ಹೋದವರ ಕೈಗೆ ಅವುಗಳ ಭೇದವು ತಿಳಿಯುವದು. ಆದುದರಿಂದಲೇ ಸರಕಾರವು ಈ ಒಂದು ಕೆಲಸದಲ್ಲಿ ಗೃಹಸ್ಥನ ಕಣ್ಣನ್ನು ನಂಬದೆ, ತಿಳಿದವನೊಬ್ಬನ ಕಣ್ಣನ್ನು ನೇಮಿಸಿದೆ. ಆ ಕಣ್ಣು ನೋಡಿತೆಂಬುದಕ್ಕೆ ಸಾಕ್ಷಿಯಾಗಿ ಒಂದು ಸಹಿಯನ್ನು ಕೇಳುತ್ತದೆ. ಈ ಸಾರೆ ನಮ್ಮ ವಾಚಕರೊಡನೆ ಆ ಸಹಿಯ ಬೆಲೆಯನ್ನೂ, ಅದರ ಕೆಳಗೆ ದುಡಿಯುವ ಆಳುಗಳ ಹೊಣೆಯನ್ನೂ ಕುರಿತು ನಾಲ್ಕು ಮಾತುಗಳನ್ನು ವಿಚಾರಿಸಬೇಕೆಂದಿದ್ದೇವೆ.

ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರಗಳಲ್ಲಾಗಲಿ, ಧಾರವಾಡದ ಸಪ್ತಾಪುರ, ಮಾಳಮಡ್ಡಿಗಳಲ್ಲಾಗಲಿ, ಒಬ್ಬ ಗೃಹಸ್ಥನು ಮನೆ ಕಟ್ಟಿಸುತ್ತಿರುವನೆಂದು ಎಣಿಸೋಣ. ಅವನು ಇಡಿಯ ಕೆಲಸವನ್ನು ಕಟ್ಟಡದ ಗುತ್ತೇದಾರನೊಬ್ಬನಿಗೆ ಒಪ್ಪಿಸುವನು. ಆ ಗುತ್ತೇದಾರನು ತನ್ನ ಪರಿಚಯದ ವಾಯರ್‌ಮನ್ನನೊಬ್ಬನನ್ನು ಕರೆತರುವನು. ಅವನು ತನ್ನ ಕೈಕೆಳಗೆ ಇಬ್ಬರು ಹುಡುಗರನ್ನು ಇಟ್ಟುಕೊಳ್ಳುವನು. ಗೋಡೆ ಕೊರೆಯುವದಕ್ಕೆ ಗೌಂಡಿಯ ಆಳುಗಳೇ ಸಾಕಾಗುವರು. ವಾರದ ಬಟವಡೆಯನ್ನು ಕಟ್ಟಡದ ಗುತ್ತೇದಾರನೇ ಮಾಡುವನು. ಎಲ್ಲವೂ ಮುಗಿದು ಹೆಸ್ಕಾಂ ಕಚೇರಿಗೆ ಅರ್ಜಿ ಹಾಕುವ ದಿನ ಬಂದಾಗ, ಪರವಾನಿಗೆಯುಳ್ಳ ವಿದ್ಯುತ್ ಗುತ್ತೇದಾರನು ಕೊಡುವ ಕೆಲಸ ಪೂರ್ತಿಯಾದ ವರದಿ ಬೇಕೆಂದು ಗೊತ್ತಾಗುವದು. ಆಗ ಪರವಾನಿಗೆಯುಳ್ಳವನೊಬ್ಬನನ್ನು ಹುಡುಕುವರು. ಅವನು ತನ್ನವರಲ್ಲದ ಆಳುಗಳು ಮಾಡಿದ ಕೆಲಸಕ್ಕೆ, ತಾನು ಕಾಣದ ತಂತಿಗಳಿಗೆ ಸಹಿ ಹಾಕಬೇಕಾಗುವದು. ಎಲ್ಲ ಕಡೆಗೂ ಹೀಗೆಯೇ ನಡೆಯುವದೆಂದು ನಾವು ಹೇಳುವದಿಲ್ಲ. ಮೊದಲಿನಿಂದಲೂ ನಿಂತು ಕೆಲಸ ಮಾಡಿಸುವ ಪ್ರಾಮಾಣಿಕ ಗುತ್ತೇದಾರರು ಎರಡೂ ಊರುಗಳಲ್ಲಿ ಇದ್ದಾರೆ. ಆದರೂ ಕೊನೆಯ ಗಳಿಗೆಯಲ್ಲಿ ಸಹಿಯನ್ನು ಕೊಂಡುಕೊಳ್ಳುವ ಮೋಹವು ಎಲ್ಲಿಯೂ ಹುಟ್ಟಬಹುದಾದುದು. ಅದರ ಫಲವನ್ನು ಉಣ್ಣುವವನು ಆ ಮನೆಯಲ್ಲಿ ವಾಸಿಸುವವನೇ.

ಕಾಯದೆ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ಹಿಂದುಸ್ಥಾನದ ವಿದ್ಯುತ್ ಕಾಯದೆಯು 1910ರಲ್ಲಿ ಆಯಿತು. ಆಗ ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ಜಿಲ್ಲೆಯು ಮೈಸೂರು ರಾಜ್ಯಕ್ಕೆ ಕೂಡಿದ 1956ರಲ್ಲಿಯೇ ಹೊಸ ವಿದ್ಯುತ್ ನಿಯಮಗಳೂ ಬಂದವು. ಅವುಗಳಲ್ಲಿಯ 45ನೆಯ ನಿಯಮವು ಮೂರು ಮಾತುಗಳನ್ನು ಒಟ್ಟಿಗೆ ಕೇಳಿತು. ಮೊದಲನೆಯದು, ಕೆಲಸವನ್ನು ರಾಜ್ಯ ಸರಕಾರದಿಂದ ಪರವಾನಿಗೆ ಪಡೆದ ವಿದ್ಯುತ್ ಗುತ್ತೇದಾರನು ಹಿಡಿದಿರಬೇಕು. ಎರಡನೆಯದು, ಅರ್ಹತೆಯ ಪ್ರಮಾಣಪತ್ರವುಳ್ಳ ಮೇಲ್ವಿಚಾರಕನು ಅದನ್ನು ಪ್ರತ್ಯಕ್ಷವಾಗಿ ನೋಡಿಕೊಳ್ಳಬೇಕು. ಮೂರನೆಯದು, ಕೈಯಿಂದ ಕೆಲಸ ಮಾಡುವವನಲ್ಲಿಯೂ ವಾಯರ್‌ಮನ್ನನ ಅನುಮತಿಪತ್ರವಿರಬೇಕು. ಇವುಗಳನ್ನು ಮೀರಿ ಮಾಡಿದ ಕೆಲಸಕ್ಕೆ ವಿದ್ಯುತ್ತಿನ ಜೋಡಣೆಯನ್ನೇ ಕೊಡಕೂಡದೆಂದೂ ಆ ನಿಯಮವು ವಿಧಿಸಿತು. 1910ರ ಕಾಯದೆಯ ಸ್ಥಾನದಲ್ಲಿ 2003ರ ವಿದ್ಯುತ್ ಕಾಯದೆ ಬಂದಿತು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತೆಯ ನಿಬಂಧನೆಗಳನ್ನು ಮಾಡಿ, 2023ರಲ್ಲಿ ಅವುಗಳನ್ನು ಮತ್ತೆ ಹೊಸದಾಗಿ ಹೊರಡಿಸಿತು. ಹೆಸರುಗಳೂ ಅಂಕೆಗಳೂ ಬದಲಾದರೂ ಈ ಮೂರು ಪತ್ರಗಳ ತತ್ವವು ಹಾಗೆಯೇ ಉಳಿದು ಬಂದಿದೆ. ನಮ್ಮ ರಾಜ್ಯದಲ್ಲಿ ಇವುಗಳನ್ನು ಕೊಡುವದು ಸರಕಾರದ ವಿದ್ಯುತ್ ಪರಿವೀಕ್ಷಣಾಲಯದ ಕೆಲಸ. ಮನೆಗೆ ವಿದ್ಯುತ್ತನ್ನು ಕೊಡುವ ಕೆಲಸವು ಹುಬ್ಬಳ್ಳಿಯ ನವನಗರದಲ್ಲಿ ಮುಖ್ಯ ಕಚೇರಿಯುಳ್ಳ ಹೆಸ್ಕಾಂ ಕಂಪನಿಯದು. ಅದು 2002ರಲ್ಲಿ ಆರಂಭವಾಗಿ ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಉತ್ತರ ಕನ್ನಡ ಎಂಬ ಏಳು ಜಿಲ್ಲೆಗಳನ್ನು ನೋಡಿಕೊಳ್ಳುತ್ತದೆ.

ಇಷ್ಟು ಕಟ್ಟುನಿಟ್ಟು ಕೇಳಿ ಗೃಹಿಣಿಯರು ಅಂಜಬೇಕಾದುದಿಲ್ಲ. ದೀಪವನ್ನು ಬದಲಿಸುವದು, ಸುಟ್ಟ ಫ್ಯೂಜಿಗೆ ಬದಲಾಗಿ ಅದೇ ಅಳತೆಯದನ್ನು ಹಾಕುವದು, ಪಂಖೆಯನ್ನಾಗಲಿ ಗುಂಡಿಯನ್ನಾಗಲಿ ಅದೇ ಬಗೆಯದರಿಂದ ಬದಲಿಸುವದು, ಇವಕ್ಕೆಲ್ಲ ಪರವಾನಿಗೆಯ ಗುತ್ತೇದಾರನು ಬೇಕಿಲ್ಲ. ಯಾವದರಿಂದ ಮನೆಯ ವಿದ್ಯುತ್ ವ್ಯವಸ್ಥೆಯ ಶಕ್ತಿಯೂ ಸ್ವರೂಪವೂ ಬದಲಾಗುವವೋ ಅದಕ್ಕೆ ಮಾತ್ರ ನಿಯಮವು ತಗಲುವದು. ಹಳೆಯ ಮನೆಯ ಹಿಂದೆ ಹೊಸದಾಗಿ ಒಂದು ಕೋಣೆ ಕಟ್ಟಿ ತಂತಿ ಎಳೆಯಿಸುವದು, ನೀರೆತ್ತುವ ಪಂಪನ್ನು ಕೂಡ್ರಿಸುವದು, ನೀರು ಕಾಯಿಸುವ ದೊಡ್ಡ ಯಂತ್ರಕ್ಕೆ ಬೇರೆ ದಾರಿ ಮಾಡುವದು, ಇವು ಆ ಬಗೆಯ ಕೆಲಸಗಳು.

ಇನ್ನು ಪ್ರತ್ಯಕ್ಷ ಮೇಲ್ವಿಚಾರಣೆ ಎಂಬ ಮಾತಿನ ಅರ್ಥವನ್ನು ತಿಳಿದುಕೊಳ್ಳುವದು ಅವಶ್ಯ. ಮೇಲ್ವಿಚಾರಕನು ಮುಂಜಾನೆಯಿಂದ ಸಂಜೆಯವರೆಗೆ ಕುರ್ಚಿ ಹಾಕಿಕೊಂಡು ಕೂಡ್ರಬೇಕೆಂದು ಯಾರೂ ಹೇಳುವದಿಲ್ಲ. ಆದರೆ ಕೆಲಸದಲ್ಲಿ ಕೆಲವು ಗಳಿಗೆಗಳುಂಟು. ಆಗ ನೋಡಿದರೆ ನೋಡಿದಂತೆ, ಅವು ಕಳೆದುಹೋದರೆ ಮತ್ತೆ ನೋಡುವದು ಅಶಕ್ಯ. ಸ್ಲ್ಯಾಬಿನಲ್ಲಿ ಕೊಳವೆಗಳನ್ನಿಟ್ಟು ಕಾಂಕ್ರೀಟು ಸುರಿಯುವ ಮೊದಲಿನ ಗಳಿಗೆ ಒಂದು. ಗೋಡೆಯಲ್ಲಿ ತೋಡಿದ ಕಾಲುವೆಗಳಿಗೆ ಗಿಲಾವು ಬಡಿಯುವ ಮೊದಲಿನದು ಇನ್ನೊಂದು. ತಂತಿಗಳ ದಪ್ಪವು ಎಳೆಯಬೇಕಾದ ಭಾರಕ್ಕೆ ತಕ್ಕುದಾಗಿದೆಯೋ, ಕೀಲುಗಳು ಪೆಟ್ಟಿಗೆಯೊಳಗೆ ಇವೆಯೋ ಇಲ್ಲವೆ ಕೊಳವೆಯ ನಡುವೆ ಅಡಗಿವೆಯೋ, ಗುಂಡಿಯು ಫೇಜಿನ ತಂತಿಯ ಮೇಲಿದೆಯೋ ಇಲ್ಲವೆ ತಪ್ಪಿ ನ್ಯೂಟ್ರಲಿನ ಮೇಲೆ ಕೂತಿದೆಯೋ, ಇವೆಲ್ಲ ಆಗಲೇ ತಿಳಿಯತಕ್ಕವು. ನ್ಯೂಟ್ರಲಿನ ಮೇಲೆ ಗುಂಡಿ ಕೂತಿದ್ದರೆ ದೀಪವು ಆರಿದರೂ ಅದರ ಹಿಡಿಕೆಯಲ್ಲಿ 230 ವೋಲ್ಟುಗಳು ಕಾದುಕೊಂಡೇ ಇರುವವು. ಆರಿತೆಂದು ನಂಬಿ ಕೈಯಿಕ್ಕಿದವನಿಗೆ ಆ ನಂಬಿಗೆಯೇ ಮುಳುವಾಗುವದು.

ಮೂರನೆಯ ಗಳಿಗೆ ಅರ್ಥಿಂಗ್ ಗುಂಡಿಯನ್ನು ಮುಚ್ಚುವಾಗಿನದು. ನಮ್ಮ ಎರಡೂ ಊರುಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಹುಬ್ಬಳ್ಳಿಯ ಎರೆಭೂಮಿಯು ಮಳೆಗಾಲದಲ್ಲಿ ಹಸಿಯಾಗಿದ್ದು ವಿದ್ಯುತ್ತನ್ನು ಚೆನ್ನಾಗಿ ಎಳೆದುಕೊಳ್ಳುವದು. ಬೇಸಗೆಯಲ್ಲಿ ಅದೇ ಮಣ್ಣು ಬಿರಿತು, ಹೂಳಿದ ಸಲಾಕೆಯನ್ನು ಬಿಟ್ಟು ಹಿಂದೆ ಸರಿಯುವದು. ಧಾರವಾಡದ ದಿಣ್ಣೆಗಳ ಕಲ್ಲುಮಿಶ್ರಿತ ಕೆಂಪು ನೆಲವು ಬೇಗನೆ ಒಣಗುವದು. ಒಂದೇ ಅಳತೆಯ ಗುಂಡಿ ಎರಡು ಕಡೆಗೂ ಒಂದೇ ಫಲವನ್ನು ಕೊಡಲಾರದು. ಆದುದರಿಂದ ಅಳೆದು ನೋಡಬೇಕು. ನಾಲ್ಕನೆಯದು ಕೊನೆಯ ಪರೀಕ್ಷೆ. ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟುಗಳ ಒತ್ತಡವನ್ನು ಒಂದು ಮಿನಿಟು ಹಾಕಿ, ತಂತಿಗಳ ಹೊದಿಕೆಯ ತಡೆಯು ಕನಿಷ್ಠ ಒಂದು ಮೆಗಾ ಓಮ್ ಇದೆಯೆಂದು ಖಾತ್ರಿ ಮಾಡಿಕೊಳ್ಳುವ ಪದ್ಧತಿಯುಂಟು. ಫ್ಯೂಜು ಇದೆಯಲ್ಲಾ ಎಂದು ಸಮಾಧಾನ ಪಡುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಫ್ಯೂಜು ತಂತಿಯನ್ನು ಕಾಯುವದೇ ಹೊರತು ಮನುಷ್ಯನನ್ನು ಕಾಯಲಾರದು. ಐದು ಆಂಪಿಯರಿನ ಫ್ಯೂಜು ಕರಗುವ ಎಷ್ಟೋ ಮೊದಲು, ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗವೇ ಎದೆಯ ಮೂಲಕ ಹಾಯ್ದರೆ ಪ್ರಾಣವು ಹೋಗಬಹುದು. ಅದಕ್ಕಾಗಿ 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಉಪಕರಣವನ್ನು ಪ್ರತಿಯೊಬ್ಬ ಗೃಹಸ್ಥನೂ ಹಾಕಿಸಿಕೊಳ್ಳುವದು ಲೇಸು.

ಸಹಿ ಹಾಕುವವನು ಈ ನಾಲ್ಕು ಗಳಿಗೆಗಳಲ್ಲಿ ಮನೆಗೆ ಬಂದಿದ್ದರೆ, ಆಳುಗಳು ಯಾರವರಿದ್ದರೂ ಅವನ ಸಹಿಗೆ ಬೆಲೆಯುಂಟು. ಬಾರದಿದ್ದರೆ, ಆಳುಗಳು ಅವನ ಸ್ವಂತದವರೇ ಆಗಿದ್ದರೂ ಅದು ಬರಿಯ ಮಸಿ. ಪರರ ಆಳುಗಳನ್ನು ನೋಡಿಕೊಳ್ಳುವದು ತನ್ನಷ್ಟಕ್ಕೆ ದೋಷವಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆ ಆಳು ಅನುಮತಿಪತ್ರವುಳ್ಳವನಾಗಿ, ಗುತ್ತೇದಾರನು ಕೆಲಸವನ್ನು ಮೊದಲಿನಿಂದಲೇ ತನ್ನ ಹೆಸರಿನಲ್ಲಿ ಹಿಡಿದು, ತಪ್ಪು ಕಂಡಲ್ಲಿ ನಿಲ್ಲಿಸುವ ಅಧಿಕಾರವನ್ನು ಪಡೆದಿದ್ದರೆ, ಆ ಏರ್ಪಾಡು ನಿಯಮದ ಉದ್ದೇಶಕ್ಕೆ ಒಪ್ಪುವಂಥದು. ನಿಲ್ಲಿಸುವ ಅಧಿಕಾರವಿಲ್ಲದ ಮೇಲ್ವಿಚಾರಣೆಯು ಕುರುಡನು ಹಿಡಿದ ಕನ್ನಡಿಯಂತೆ.

ಇಷ್ಟು ಪರವಾನಿಗೆಯ ಮಾತಾಯಿತು. ಆಳುಗಳ ಕೂಲಿ, ಗಾಯ, ಸಾವುಗಳ ಹೊಣೆಯು ಇನ್ನೊಂದು ಮಾತು. ಜನರು ಇವೆರಡನ್ನೂ ಬೆರಸಿ ಗೊಂದಲಕ್ಕೆ ಬೀಳುವರು. ಪರವಾನಿಗೆಯ ಕಾಯದೆಯು, ಬಲ್ಲವನು ಯಾರು, ನೋಡಿದವನು ಯಾರು ಎಂದು ಕೇಳುವದು. ಕೂಲಿಯ ಕಾಯದೆಯು, ದುಡಿಸಿಕೊಂಡವನು ಯಾರು ಎಂದು ಕೇಳುವದು. ಒಂದಕ್ಕೆ ಕೊಟ್ಟ ಉತ್ತರವು ಇನ್ನೊಂದಕ್ಕೆ ಸಲ್ಲಬೇಕೆಂಬ ನಿಯಮವಿಲ್ಲ.

ಒಬ್ಬರ ಆಳು ಇನ್ನೊಬ್ಬರ ಕೈಕೆಳಗೆ ದುಡಿಯುವಾಗ ತಪ್ಪಾದರೆ ಹೊಣೆ ಯಾರದೆಂಬ ಪ್ರಶ್ನೆಯು ದೂರದ ದೇಶಗಳ ನ್ಯಾಯಸ್ಥಾನಗಳನ್ನೂ ಕಾಡಿದೆ. ಇಂಗ್ಲಂಡದ ಲಿವರ್‌ಪೂಲ್ ಬಂದರದ ಮಂಡಲಿಯು ಭಾರವೆತ್ತುವ ಒಂದು ಕ್ರೇನನ್ನೂ ಅದರ ಚಾಲಕನನ್ನೂ ಹಡಗಿನ ಸರಕು ಇಳಿಸುವ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟಿತ್ತು. ಚಾಲಕನ ಅಜಾಗರೂಕತೆಯಿಂದ ಒಬ್ಬನಿಗೆ ಗಾಯವಾಯಿತು. ಬಾಡಿಗೆಗೆ ಹೋದ ಚಾಲಕನು ಬಾಡಿಗೆ ಹಿಡಿದವರ ಸೇವಕನೆಂದು ಕರಾರಿನಲ್ಲಿಯೇ ಬರೆದಿತ್ತು. ಆದರೂ 1946ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಸಭೆಯು ಬಂದರದ ಮಂಡಲಿಯೇ ಹೊಣೆಯೆಂದು ತೀರ್ಮಾನಿಸಿತು. ಯಾವ ಸರಕನ್ನು ಎತ್ತಬೇಕೆಂದು ಹೇಳುವ ಹಕ್ಕು ಕಂಪನಿಗಿತ್ತು. ಯಂತ್ರವನ್ನು ಹೇಗೆ ನಡೆಯಿಸಬೇಕೆಂದು ಹೇಳುವ ಹಕ್ಕು ಅದಕ್ಕಿರಲಿಲ್ಲ. ಪಗಾರ ಕೊಡುವವರೂ ಕೆಲಸದಿಂದ ತೆಗೆಯಬಲ್ಲವರೂ ಮಂಡಲಿಯವರೇ. ಕಾಗದದಲ್ಲಿ ಬರೆದ ಹೆಸರಿಗಿಂತ, ಕೆಲಸದ ರೀತಿಯನ್ನು ಆಳುವ ಕೈ ಯಾವದೆಂಬುದನ್ನು ನ್ಯಾಯಸಭೆಯು ನೋಡಿತು.

ಈ ತತ್ವವನ್ನು ನಮ್ಮ ಗೃಹಸ್ಥನ ಮನೆಗೆ ತಂದು ನೋಡೋಣ. ಯಾವ ಕೋಣೆಯಲ್ಲಿ ಎಷ್ಟು ದೀಪಗಳೆಂದು ಹೇಳುವವನು ಗೃಹಸ್ಥ. ಬಟವಡೆ ಮಾಡುವವನು ಕಟ್ಟಡದ ಗುತ್ತೇದಾರ. ತಂತಿಯನ್ನು ಹೇಗೆ ಎಳೆಯಬೇಕು, ಯಾವಾಗ ವಿದ್ಯುತ್ತನ್ನು ಬಿಡಬೇಕು ಎಂದು ಹೇಳಬೇಕಾದವನು ವಿದ್ಯುತ್ ಗುತ್ತೇದಾರ. ತಪ್ಪು ಜೋಡಣೆಯಿಂದ ಅನಾಹುತವಾದರೆ, ಆಳು ನನ್ನವನಲ್ಲವೆಂದು ವಿದ್ಯುತ್ ಗುತ್ತೇದಾರನು ಹೇಳಿ ಪಾರಾಗುವದು ಕಠಿಣ. ರೀತಿಯನ್ನು ಆಳುವ ಹೊಣೆಯನ್ನು ಕಾಯದೆಯೇ ಅವನ ಮೇಲೆ ಹೊರಿಸಿದೆ, ಅವನೇ ಸಹಿ ಮಾಡಿ ಒಪ್ಪಿಕೊಂಡಿದ್ದಾನೆ. ಮುರುಕು ಏಣಿಯಿಂದ ಬಿದ್ದು ಆಳಿನ ಕಾಲು ಮುರಿದರೆ, ಮೊದಲ ಪ್ರಶ್ನೆಯು ಆ ಏಣಿಯನ್ನು ಕೊಟ್ಟು ಕೂಲಿಗೆ ಕರೆತಂದವನ ಮೇಲೆ ಬರುವದು. ಉಳಿತಾಯದ ಆಶೆಯಿಂದ ಗೃಹಸ್ಥನು ನಡುವಿನವರೆಲ್ಲರನ್ನೂ ಬಿಟ್ಟು, ತಾನೇ ದಿನಗೂಲಿ ಕೊಟ್ಟು, ತಾನೇ ಅಪ್ಪಣೆ ಮಾಡಿ ಕೆಲಸ ಮಾಡಿಸಿದರೆ, ಮಾಲಿಕನೆಂಬ ಹೆಸರು ಅವನಿಗೇ ಅಂಟುವ ಸಂಭವವುಂಟು. ಉಳಿದ ನಾಲ್ಕು ಕಾಸು ಆಗ ಲೆಕ್ಕಕ್ಕೆ ಬಾರದು.

ಕೆಲಸದಲ್ಲಿ ಗಾಯಗೊಂಡ ಆಳಿಗೂ, ಸತ್ತವನ ಮನೆಯವರಿಗೂ ಪರಿಹಾರ ಕೊಡಬೇಕೆಂಬ ಕಾಯದೆಯು ನಮ್ಮ ದೇಶದಲ್ಲಿ 1923ರಲ್ಲಿಯೇ ಆಯಿತು. ವ್ಯಾಪಾರಸ್ಥನೊಬ್ಬನು ತನ್ನ ಉದ್ಯೋಗದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೆ, ಗುತ್ತೇದಾರನ ಆಳಿಗೂ ಅವನೇ ಪರಿಹಾರ ಕೊಟ್ಟು ಆಮೇಲೆ ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು ಅದರಲ್ಲಿ ಹೇಳಿತ್ತು. 1970ರ ಗುತ್ತಿಗೆ ಕೂಲಿಕಾರರ ಕಾಯದೆಯು, 20 ಇಲ್ಲವೆ ಹೆಚ್ಚು ಆಳುಗಳಿರುವಲ್ಲಿ ಗುತ್ತೇದಾರನು ಕೂಲಿ ಕೊಡದೆ ಹೋದರೆ ಮೂಲ ಮಾಲಿಕನೇ ಕೊಡಬೇಕೆಂದು ವಿಧಿಸಿತು. ಇವೂ ಇಂಥ ಇತರ ಕಾಯದೆಗಳೂ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿ, ಆ ಸಂಹಿತೆಗಳು 2025ರ ನವೆಂಬರ 21ರಿಂದ ಜಾರಿಗೆ ಬಂದಿವೆ. ಗುತ್ತಿಗೆ ಆಳುಗಳ ಪ್ರಕರಣವು ತಗಲುವದಕ್ಕೆ ಈಗ 50 ಆಳುಗಳ ಸಂಖ್ಯೆ ಬೇಕು. ಸಣ್ಣ ಮನೆಯೊಂದರಲ್ಲಿ ದುಡಿಯುವ ನಾಲ್ಕೈದು ಆಳುಗಳಿಗೆ ಈ ದೊಡ್ಡ ಛತ್ರದ ನೆರಳು ಬೀಳದು. ಆದುದರಿಂದಲೇ ಮನೆ ಕಟ್ಟಿಸುವವನು ತನ್ನ ಕರಾರಿನಲ್ಲಿ ಅವರಿಗೆ ನೆರಳು ಮಾಡಿಕೊಡುವದು ಧರ್ಮವೂ ಹೌದು, ಜಾಣತನವೂ ಹೌದು. ಕಟ್ಟಡದ ಕೆಲಸಗಾರರಿಗಾಗಿ ರಾಜ್ಯದಲ್ಲಿ ಕಲ್ಯಾಣ ಮಂಡಲಿಯೊಂದುಂಟು. 18 ರಿಂದ 60 ವರ್ಷಗಳ ವಯಸ್ಸಿನ, ವರ್ಷದಲ್ಲಿ 90 ದಿನ ಕಟ್ಟಡದಲ್ಲಿ ದುಡಿದ ಆಳು ಅದರಲ್ಲಿ ಹೆಸರು ನೋಂದಿಸಬಹುದು. ನಿಮ್ಮ ಮನೆಯಲ್ಲಿ ದುಡಿಯುವವರನ್ನು ಈ ಬಗೆಗೆ ಒಮ್ಮೆ ಕೇಳಿ ನೋಡಿರಿ.

ಮೀಟರಿನ ಆಚೆಗಿನ ಕಂಬ ಮತ್ತು ತಂತಿಗಳ ಮಾತು ಇನ್ನೂ ಕಠಿಣ. ಹೊಸ ಬಡಾವಣೆಗಳಲ್ಲಿ ಮನೆಯವರೇ ಖರ್ಚು ಹಾಕಿ, ಪರವಾನಿಗೆಯ ಗುತ್ತೇದಾರನಿಂದ ಕಂಬ ನೆಡಿಸಿ, ವಿದ್ಯುತ್ ಕಂಪನಿಗೆ ಮೇಲ್ವಿಚಾರಣೆಯ ಶುಲ್ಕವನ್ನು ಕೊಡುವ ಪದ್ಧತಿಯುಂಟು. ಇಲ್ಲಿ ಗುತ್ತೇದಾರನ ಆಳುಗಳು ಕಂಪನಿಯವರ ಕಣ್ಣಿನ ಕೆಳಗೆ ದುಡಿಯುವರು. ಲೈನ್ ಕ್ಲಿಯರ್ ದೊರೆತು, ತಂತಿಯನ್ನು ಭೂಮಿಗೆ ಜೋಡಿಸುವ ವರೆಗೆ ಯಾವ ಆಳೂ ಕಂಬವನ್ನು ಏರಕೂಡದು. ಆ ಅಪ್ಪಣೆಯನ್ನು ಬಾಯಿಮಾತಿನಿಂದ ಕೊಡುವದೂ ತಕ್ಕೊಳ್ಳುವದೂ ಜೀವದೊಡನೆ ಜೂಜಾಡಿದಂತೆ. ವಿದ್ಯುತ್ತನ್ನು ಹರಿಯಬಿಡುವವನ ಹೊಣೆ ಎಷ್ಟು ದೊಡ್ಡದೆಂಬುದನ್ನು 2002ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ತೋರಿಸಿಕೊಟ್ಟಿತು. ರಾತ್ರಿ ಸಾಯಕಲ್ಲಿನ ಮೇಲೆ ಹೋಗುತ್ತಿದ್ದವನೊಬ್ಬನು ದಾರಿಯಲ್ಲಿ ಬಿದ್ದಿದ್ದ ಜೀವಂತ ತಂತಿಯನ್ನು ತುಳಿದು ಸತ್ತನು. ಯಾರೋ ಪರಕೀಯನು ವಿದ್ಯುತ್ತನ್ನು ಕದಿಯಲು ತಂತಿಗೆ ಕೈಹಾಕಿದ್ದನೆಂದು ವಿದ್ಯುತ್ ಮಂಡಲಿಯು ವಾದಿಸಿತು. ನ್ಯಾಯಾಲಯವು ಆ ವಾದವನ್ನು ಒಪ್ಪದೆ, ಇಂಥ ಅಪಾಯದ ವಸ್ತುವನ್ನು ವ್ಯವಹರಿಸುವವನೇ ಅದರ ಹಾನಿಗೆ ಹೊಣೆಗಾರನೆಂದು ನಿರ್ಣಯಿಸಿತು.

ಗುತ್ತೇದಾರರ ಪಕ್ಷದಲ್ಲಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಜನರು ಅವರ ನಾಲ್ಕು ಭೇಟಿಗಳಿಗೆ ತಕ್ಕ ಹಣವನ್ನು ಕೊಡಲೊಲ್ಲರು. ಸಹಿಗೆ ಮಾತ್ರ ಎಷ್ಟು ಎಂದು ಕೇಳುವರು. ಸಹಿಯನ್ನು ಅಂಗಡಿಯ ಸರಕಿನಂತೆ ಕೇಳಿದ ಮೇಲೆ, ಅದು ಸರಕಿನಂತೆಯೇ ದೊರೆತರೆ ಯಾರನ್ನು ದೂರಬೇಕು? ಅದೇ ರೀತಿ ಕೈಕೆಲಸದಲ್ಲಿ ನಿಪುಣನಾದ ಎಷ್ಟೋ ವಾಯರ್‌ಮನ್ನನು ಹತ್ತಾರು ವರ್ಷ ಪರರ ಹೆಸರಿನ ಮರೆಯಲ್ಲಿ ದುಡಿದು, ತನ್ನ ಹೆಸರಿನಲ್ಲಿ ಒಂದು ಅನುಮತಿಪತ್ರವಿಲ್ಲದೆ ಮುದುಕನಾಗುವನು. ಕೆಲಸ ಚೆನ್ನಾದರೆ ಕೀರ್ತಿಯು ಸಹಿ ಮಾಡಿದವನಿಗೆ. ಅಪಘಾತವಾದರೆ ಅವನು ಯಾರೋ ತಮಗೆ ತಿಳಿಯದೆಂದು ಎಲ್ಲರೂ ಹೇಳುವರು. ಇಂಥವನನ್ನು ಪರೀಕ್ಷೆಗೆ ಕೂಡ್ರಿಸಿ ಅನುಮತಿಪತ್ರವನ್ನು ಕೊಡಿಸುವ ಗುತ್ತೇದಾರನು ಒಂದು ಮನೆತನಕ್ಕೆ ಉಪಕಾರ ಮಾಡಿದಂತಾಗುವದು.

ಇದೆಲ್ಲದರಿಂದ ಗೃಹಸ್ಥನು ಮಾಡಬೇಕಾದುದು ಬಹಳವೇನಿಲ್ಲ. ಕೊಳವೆ ಹಾಕುವ ಮೊದಲೇ ವಿದ್ಯುತ್ ಗುತ್ತೇದಾರನನ್ನು ಗೊತ್ತು ಮಾಡಿ, ಅವನ ಪರವಾನಿಗೆಯನ್ನೂ ಅದರ ಅವಧಿಯನ್ನೂ, ಮೇಲ್ವಿಚಾರಕನ ಪ್ರಮಾಣಪತ್ರವನ್ನೂ, ಕೆಲಸ ಮಾಡುವವನ ಅನುಮತಿಪತ್ರವನ್ನೂ ಕೇಳಿ ನೋಡಬೇಕು, ಕೇಳುವದು ಅಪಮಾನವಲ್ಲ. ಆಳುಗಳು ಕಟ್ಟಡದ ಗುತ್ತೇದಾರನವರಾಗಿದ್ದರೆ ಮೂವರೂ ಕೂಡಿ ಒಂದು ಹಾಳೆಯ ಕರಾರನ್ನು ಬರೆಯಬೇಕು. ಕೂಲಿ ಯಾರು ಕೊಡುವರು, ಗಾಯವಾದರೆ ಔಷಧೋಪಚಾರವೂ ಪರಿಹಾರವೂ ಯಾರ ಮೇಲೆ, ವಿಮೆಯನ್ನು ಯಾರು ಮಾಡಿಸುವರು, ಕೆಲಸದ ರೀತಿಯಲ್ಲಿ ಕೊನೆಯ ಮಾತು ಯಾರದು, ತಪ್ಪು ಕಂಡರೆ ನಿಲ್ಲಿಸುವ ಅಧಿಕಾರ ಯಾರದು, ಇಷ್ಟು ಅದರಲ್ಲಿರಲಿ. ಮೇಲ್ವಿಚಾರಕನ ನಾಲ್ಕು ಭೇಟಿಗಳ ತಾರೀಖುಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿಯೇ ಬರೆಯಿಸಿ, ಅಲ್ಲಿಯೇ ಅವನ ಸಹಿಯನ್ನು ಪಡೆಯಬೇಕು. ಗಿಲಾವಿನ ಮೊದಲು ಪ್ರತಿಯೊಂದು ಗೋಡೆಯ ಛಾಯಾಚಿತ್ರವನ್ನು ತೆಗೆದಿಟ್ಟರೆ, ಮುಂದೆ ಮೊಳೆ ಹೊಡೆಯುವ ಮಕ್ಕಳಿಗೂ ಅದು ಉಪಯೋಗಕ್ಕೆ ಬರುವದು. ಪರೀಕ್ಷೆಯ ಅಂಕೆಗಳ ಒಂದು ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆಗೆ ಕಾದಿಡಬೇಕು.

ಮನೆ ಕಟ್ಟುವವರ ಲಕ್ಷ್ಯವೆಲ್ಲ ಬಾಗಿಲ ಕೆತ್ತನೆಯ ಮೇಲೂ ನೆಲದ ಹೊಳಪಿನ ಮೇಲೂ ಇರುವದು ಸಹಜ. ಆದರೆ ಗೋಡೆಯೊಳಗಿನ ತಂತಿಯು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಎಚ್ಚರವಾಗಿರುವ ನಿವಾಸಿ. ಅದನ್ನು ಒಳಗೆ ಕರೆತಂದವರು ಯಾರು, ಅದರ ನಡತೆಗೆ ಜಾಮೀನು ನಿಂತವರು ಯಾರು, ಅದನ್ನು ಎಳೆಯುವಾಗ ಏಣಿಯ ಮೇಲಿದ್ದ ಹುಡುಗನ ಯೋಗಕ್ಷೇಮವನ್ನು ಹೊತ್ತವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವು ಗೃಹಪ್ರವೇಶದ ಮೊದಲೇ ಕಾಗದದ ಮೇಲಿದ್ದರೆ, ದೀಪ ಹಚ್ಚುವ ಕೈ ನಿಶ್ಚಿಂತೆಯಿಂದ ಹಚ್ಚಬಹುದು.